ಹನ್ನೆರಡು ಗಂಟೆ ಎಂಟು ನಿಮಿಷ

ಜೂನ್ ಬಂತೆಂದರೆ ಮಸ್ಕತ್ತಿನಲ್ಲಿ
ನೆತ್ತಿಗೇರಿದ ಸೂರ್ಯ ಒಂದು ಕೂದಲೆಳೆಯೂ ವಾಲುವುದಿಲ್ಲ.
ಹನ್ನೆರಡು ಗಂಟೆ ಎಂಟು ನಿಮಿಷಕ್ಕೆ
ಕಂಬದ ನೆರಳು ಕಂಬದೊಳಗೇ ಇಳಿದುಹೋಗುತ್ತದೆ,
ನನ್ನದು ನನ್ನ ಬೂಟಿನ ಕೆಳಗೆ.
ಹನ್ನೆರಡೂವರೆಗೆ ನಾನು ಸೀಟಿ ಊದಬೇಕು.
ಆಮೇಲೆ ಮೂರೂವರೆತನಕ ಯಾರೂ
ಬಿಸಿಲಲ್ಲಿ ದುಡಿಯುವಂತಿಲ್ಲ, ಸರ್ಕಾರದ ಆಜ್ಞೆ.
ನಡುವಿನ ಇಪ್ಪತ್ತೆರಡು ನಿಮಿಷ
ಘಾಲಾದ ನಮ್ಮ ಸೈಟಿನಲ್ಲಿ ಅರವತ್ತು ಜನ
ನೆರಳಿಲ್ಲದೆ ಕೆಲಸ ಮಾಡುತ್ತಾರೆ.

ಇದನ್ನು ಊಟದ ಹೊತ್ತಿಗೆ ಹೇಳಿದ್ದೇ ತಪ್ಪಾಯಿತು.

ಇಳಾ ಏಳನೇ ಕ್ಲಾಸು.
ಗ್ಲೋಬಿಗೆ ಹಲ್ಲುಕಡ್ಡಿ ಅಂಟಿಸಿ, ದೀಪ ಆರಿಸಿ,
ತಮ್ಮನ ಕೈಗೆ ಟಾರ್ಚು ಕೊಟ್ಟು
ಮೂರು ರಾತ್ರಿ ಅಳೆದಳು.
'ಅಪ್ಪಾ, ಈ ಸಲ ನಡುಮಧ್ಯಾಹ್ನ
ನನ್ನ ನೆರಳು ಕಾಣೋ ದೇಶಕ್ಕ ಹೋಗೂಣು.'

ಮೂರು ವರ್ಷ ಕೂಡಿಸಿಟ್ಟ ರಜೆ ಮೂವತ್ತೆರಡು ದಿನ.
ನಾರ್ವೆ ಇರಬೇಕು ಅಂದುಕೊಂಡೆ. ಅಲ್ಲವಂತೆ.
ಜುಲೈಯಲ್ಲಿ ಚಳಿಗಾಲ ದಕ್ಷಿಣದ್ದಂತೆ,
ಕೇಪ್ ಟೌನಿನಲ್ಲಿ ನಾಲ್ಕಡಿ ಹುಡುಗಿಗೆ
ಐದೂಮುಕ್ಕಾಲಡಿ ನೆರಳಂತೆ!
ಅವಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದು ತೋರಿಸಿದಳು,
ಸೋಫಾದಿಂದ ಫ್ರಿಜ್ಜಿನತನಕ.
ನಾನು ಟಿಕೆಟ್ಟಿನ ದರ ಎಳೆದು ತೋರಿಸಿದೆ.
ಅದು ಬಾಗಿಲು ದಾಟಿ ಲಿಫ್ಟಿನತನಕ ಹೋಯಿತು.
ಹಾಸಿಗೆ ಇದ್ದಷ್ಟೇ ನೆರಳು ಚಾಚಬೇಕು, ಮಗಳೇ.

ತೇಜುವಿಗೆ ಯಾವ ದೇಶವಾದರೂ ಸೈ, ರೈಲು ಇರಬೇಕು.
ರಾತ್ರಿ ಮಲಗೋ ರೈಲು. ಮೇಲಿನ ಬರ್ತು ಅವನದೇ.

ಮಂಗಳಾ ಮಾತಾಡಲೇ ಇಲ್ಲ, ಮೆಂತ್ಯ ಸೋಸುತ್ತಿದ್ದಳು.
ಕೇಳಿದ್ದಕ್ಕೆ ಅಂದಳು:
'ಹನ್ನೆರಡಕ್ಕ ಮನಿ ಬಿಟ್ಟು, ಕಾರಿಲ್ಲದ,
ಕೈಯಾಗೊಂದು ಚೀಲ ಹಿಡಕೊಂಡು
ಸಂತಿಗೆ ನಡಕೋತ ಹೋಗಿ ನಡಕೋತ ಬರಬೇಕ್ರಿ.
ನಡುವ ಯಾವುದಾರ ಕಟ್ಟಿಗೆ ಕುಂದರಬೇಕು.'
'ಅಷ್ಟಕ್ಕ ವಿಮಾನ ಹತ್ತಬೇಕೇನು?'
'ಹತ್ತಬೇಕು.'
ಹದಿಮೂರು ವರ್ಷದಲ್ಲಿ ಅವಳು
ಬೇರೇನೂ ಕೇಳಿದ್ದು ನೆನಪಾಗಲಿಲ್ಲ. ಅಥವಾ ಕೇಳಿದ್ದಳೇನೋ,
ಎಸಿಯ ಸದ್ದಿನಲ್ಲಿ ನನಗೆ ಕೇಳಿಸಿರಲಿಲ್ಲ.

ಹೀಗೆ ಉಳಿದದ್ದು ಜಾರ್ಜಿಯಾ.
ರೆಸಿಡೆನ್ಸಿ ಕಾರ್ಡು ತೋರಿಸಿದರೆ ಸಾಕಂತೆ,
ರಾತ್ರಿ ರೈಲು ಉಂಟು, ಕಾಲ್ನಡಿಗೆಯ ಸಂತೆಗಳುಂಟು.
ಹಾವೇರಿಯಿಂದ ಅತ್ತೆ ಫೋನಿನಲ್ಲಿ,
'ಅಲ್ಲೆ ಜೋಳದ ಹಿಟ್ಟು ಸಿಗತೈತೇನು?'
ಸಿಗುತ್ತದೆ ಎಂದು ಸುಳ್ಳು ಹೇಳಿ
ಐದು ಕಿಲೋ ಪ್ಯಾಕ್ ಮಾಡಲು ಒಪ್ಪಿದೆ.
ಇಳಾ ಮತ್ತೆ ಗ್ಲೋಬು ತಂದಳು, ಕಡ್ಡಿ ನೆಟ್ಟಳು.
ತುಟಿ ಕಚ್ಚಿ ಲೆಕ್ಕ ಹಾಕಿ,
'ಒಂದೂವರೆ ಅಡಿ' ಅಂದಳು.
'ಸಾಕೇನವ್ವ?'
ಅವಳು ಎದ್ದು ನಿಂತು ತನ್ನ ಪಾದದಿಂದ
ಗೇಣು ಹಾಕಿ ನೋಡಿದಳು.
'ಹೂಂ. ತೇಜು ಅದರಾಗ ನಿಲ್ಲಬಹುದು,
ಒಂದು ಕಾಲಾಗ.'

ಮರುದಿನ ಸೀಟಿ ಊದಿದ ಮೇಲೆ
ಕಂಟೇನರಿನ ಮಗ್ಗುಲಿಗೆ ಅಷ್ಟು ಹೊತ್ತಿಗೆ ಮೂಡಿದ್ದ
ಗೇಣಗಲದ ನೆರಳಿಗೆ ತಲೆಯಷ್ಟೇ ಕೊಟ್ಟು
ಶಫೀಕುಲ್ ಫ್ರಿಜ್ಜಿನ ರಟ್ಟಿನ ಮೇಲೆ ಮಲಗಿದ್ದ.
ಶೆಡ್ಡಿನಲ್ಲಿ ಫ್ಯಾನು ಕೆಟ್ಟಿತ್ತು,
ಅದನ್ನು ಬರೆದುಕೊಳ್ಳಲು ಬಂದಿದ್ದೆ.
ಸುದ್ದಿ ಅವನಿಗೆ ಮುಟ್ಟಿತ್ತು.
'ಸಾಬ್, ನೀವು ಹೋಗೋ ದೇಶದಲ್ಲಿ
ಹನ್ನೆರಡೂವರೆಗೆ ಕೆಲಸ ನಿಲ್ಲಿಸ್ತಾರಾ?'
'ಇಲ್ಲ ಶಫೀಕ್, ಬೇಕಾಗೋದಿಲ್ಲ. ಅಲ್ಲಿ ಇಷ್ಟು ಬಿಸಿಲಿರೋದಿಲ್ಲ.'
ಟೊಪ್ಪಿಗೆ ಮುಖದ ಮೇಲಿಂದ ಸರಿಸಿ
ನನ್ನನ್ನೇ ನೋಡಿದ, ಪಾಪ ಅನ್ನುವಂತೆ,
ಯಾರ ಬಗ್ಗೆಯೋ.

'ಹಾಗಾದರೆ ಅವರು ಮಲಗೋದು ಯಾವಾಗ?'